ಸರ್ವರ್ ಐಪಿ ಬದಲಿಸುವ ಮುಂಚೆ ತೂಕದ ಕೋಣೆಗೆ ಹೋಗಿ ಬನ್ನಿ

ಗಂಗಾವತಿಯಲ್ಲಿ ರೈಸ್ ಮಿಲ್, ರಾಯಚೂರಿನಲ್ಲಿ ಮಾರಾಟದ ಆಫೀಸು ಇದೆ ಅಂದುಕೊಳ್ಳಿ. ಎರಡೂ ಕಡೆ ರೂಟರ್ ಜೊತೆಗೇ ಬಂದ 192.168.1 ಸಾಲಿನ ಐಪಿಗಳೇ (ನೆಟ್‌ವರ್ಕ್‌ನಲ್ಲಿ ಒಂದೊಂದು ಯಂತ್ರಕ್ಕೂ ಇರುವ ನಂಬರ್ ವಿಳಾಸ) ಇವತ್ತಿಗೂ ನಡೆಯುತ್ತಿವೆ. ಬೇರೆ ಬೇರೆ ಇದ್ದಷ್ಟು ದಿನ ತೊಂದರೆ ಇಲ್ಲ. ಹೊಸ ರೂಟರ್ ಹಾಕಿ ಎರಡನ್ನೂ ವಿಪಿಎನ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಒಂದೇ ಖಾಸಗಿ ನೆಟ್‌ವರ್ಕ್ ಆಗುವಂತೆ, ಜೋಡಿಸಲು ಹೋದಾಗ ತಕರಾರು ಶುರು. ಎರಡೂ ಊರಲ್ಲಿ ಒಂದೇ ನಂಬರ್ ಇದ್ದರೆ ಡೇಟಾ ಎತ್ತ ಕಳಿಸಬೇಕೆಂದು ರೂಟರ್‌ಗೆ ಗೊತ್ತಾಗುವುದಿಲ್ಲ. ಕಡೇಪಕ್ಷ ಒಂದು ಕಡೆಯ ಸಾಲು ಬದಲಾಗಲೇಬೇಕು, ಅದರ ಜೊತೆ ಅಲ್ಲಿನ ಸರ್ವರ್ (ಉಳಿದ ಯಂತ್ರಗಳೆಲ್ಲ ಬಳಸುವ ಮುಖ್ಯ ಕಂಪ್ಯೂಟರ್) ಐಪಿಯೂ.

ಸರ್ವರ್‌ನಲ್ಲಿ ನಂಬರ್ ಬದಲಿಸುವುದು ಎರಡು ನಿಮಿಷದ ಕೆಲಸ. ಹಳೇ ನಂಬರನ್ನು ಯಾವ್ಯಾವ ಯಂತ್ರ ನೆಚ್ಚಿಕೊಂಡಿದೆ ಅಂತ ಹುಡುಕುವುದೇ ದೊಡ್ಡ ಕೆಲಸ. ಅದನ್ನು ಕುರ್ಚಿಯಲ್ಲಿ ಕೂತು ಮಾಡಲು ಆಗುವುದಿಲ್ಲ. ಪೆನ್ನು, ಹಾಳೆ ಹಿಡಿದು ಪೂರ್ತಿ ಮಿಲ್ ಸುತ್ತಿ.

ಮೊದಲು ಗೇಟಿನ ಪಕ್ಕದ ತೂಕದ ಕೋಣೆಗೆ ಹೋಗಿ. ಭತ್ತದ ಲಾರಿ ತೂಗುವ ಆ ಕಂಪ್ಯೂಟರ್ ಎಲ್ಲರಿಗೂ ಮರೆತುಹೋಗುತ್ತದೆ. ಡೆಸ್ಕ್‌ಟಾಪ್ ಮೇಲಿನ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಅಲ್ಲಿ \\192.168.1.10 ಅಂತ ಸರ್ವರ್‌ನ ಐಪಿಯೇ ಇದ್ದರೆ ಬರೆದುಕೊಳ್ಳಿ. ಐಪಿ ಬದಲಾದ ತಕ್ಷಣ ಅದು ನಿಲ್ಲುತ್ತದೆ, ಗೇಟಿನಲ್ಲಿ ಲಾರಿ ಸಾಲುಗಟ್ಟುತ್ತವೆ. ಟ್ಯಾಲಿ, ಬಿಲ್ಲಿಂಗ್ ಸಾಫ್ಟ್‌ವೇರ್, ಹಾಜರಿ ಯಂತ್ರ, ಸಿಸಿಟಿವಿ ರೆಕಾರ್ಡರ್, ಸ್ಕ್ಯಾನ್ ಮಾಡಿ ಫೋಲ್ಡರ್‌ಗೆ ಕಳಿಸುವ ಪ್ರಿಂಟರ್, ರಾತ್ರಿ ಓಡುವ ಬ್ಯಾಕಪ್, ಎಲ್ಲವನ್ನೂ ಹೀಗೇ ನೋಡಿ. ಯಾವ ಸಂಪರ್ಕ ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ಹೇಳುವ ಫೈರ್‌ವಾಲ್ ನಿಯಮಗಳನ್ನೂ ಬಿಡಬೇಡಿ.

ಪಟ್ಟಿ ಆದ ಮೇಲೆ ಐಪಿ ಬರೆದ ಕಡೆಯೆಲ್ಲ, ಆಗುವುದಾದರೆ, ಸರ್ವರ್ ಹೆಸರನ್ನೇ ಹಾಕಿ. ಸರ್ವರ್ ಹಳೇ ಐಪಿಯಲ್ಲಿ ಇರುವಾಗಲೇ ಇದನ್ನು ಮಾಡಿ ಪರೀಕ್ಷಿಸಬಹುದು. ಇಷ್ಟು ಮುಗಿದರೆ ಮುಕ್ಕಾಲು ಕೆಲಸ ಆದಂತೆ.

ಹೊಸ ಸಾಲಿಗೆ 10ರಿಂದ ಶುರುವಾಗುವ ಖಾಸಗಿ ಐಪಿಗಳು ಅನುಕೂಲ. ಮಿಲ್‌ಗೆ 10.20.1, ರಾಯಚೂರಿಗೆ 10.20.2 ಅಂತ ಕೊಟ್ಟರೆ ಒಂದೊಂದು ಕಡೆ 254 ಐಪಿ ಸಿಗುತ್ತವೆ, ಅಷ್ಟು ಸಾಕು.

ಹೆಸರಿನ ವಿಳಾಸ ನೀಡುವ ಡಿಎನ್‌ಎಸ್‌ನಲ್ಲಿ ಟಿಟಿಎಲ್ ಅಂತ ಒಂದು ಅಂಕಿ ಇರುತ್ತದೆ. ಅದು 86400 ಸೆಕೆಂಡು ಇದ್ದರೆ ಹಳೇ ಉತ್ತರ 24 ಗಂಟೆ ನೆನಪಿನಲ್ಲಿ ಉಳಿಯುತ್ತದೆ. ಎರಡು ದಿನ ಮೊದಲೇ 300ಕ್ಕೆ ಇಳಿಸಿ, ಅಂದರೆ ಐದೇ ನಿಮಿಷ. ಕಂಪ್ಯೂಟರ್‌ಗಳಿಗೆ ತಾನಾಗಿ ಐಪಿ ಹಂಚುವ ಡಿಎಚ್‌ಸಿಪಿ ಕೂಡ ಹಾಗೇ. ವಿಂಡೋಸ್ ಸರ್ವರ್‌ನಲ್ಲಿ ಒಮ್ಮೆ ಕೊಟ್ಟ ಐಪಿಯ ಅವಧಿ ಸಾಮಾನ್ಯವಾಗಿ 8 ದಿನ ಇರುತ್ತದೆ. ಅದನ್ನು ಎಂಟು ದಿನ ಮೊದಲೇ ಒಂದು ಗಂಟೆಗೆ ತನ್ನಿ. ನಿಮ್ಮ ಸರ್ವರೇ ಡಿಎನ್‌ಎಸ್ ಆಗಿದ್ದರೆ, ಡಿಎಚ್‌ಸಿಪಿ ಹಂಚುವ ಡಿಎನ್‌ಎಸ್ ವಿಳಾಸವನ್ನೂ ಬದಲಿಸಬೇಕು. ಇದನ್ನು ಮರೆತರೆ ಇಡೀ ಆಫೀಸಿಗೆ ಇಂಟರ್ನೆಟ್ಟೂ ಇಲ್ಲ.

ನವೆಂಬರ್, ಡಿಸೆಂಬರ್‌ನಲ್ಲಿ ಹೊಸ ಭತ್ತ ಬರುವಾಗ ಇದಕ್ಕೆ ಕೈ ಹಾಕಬೇಡಿ. ಕೆಲಸ ಕಡಿಮೆ ಇರುವ ತಿಂಗಳಲ್ಲಿ ಒಂದು ಭಾನುವಾರ ಸಾಕು. ಬ್ಯಾಕಪ್ ತೆಗೆದುಕೊಳ್ಳಿ. ಐಪಿ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಡಿಎನ್‌ಎಸ್ ಇರುವ ಪರದೆಯ ಫೋಟೋ ಮೊಬೈಲ್‌ನಲ್ಲಿ ಇರಲಿ. ಸರ್ವರ್ ಎದುರೇ ಕೂತು ಬದಲಿಸಿ. ರಿಮೋಟ್‌ನಲ್ಲಿ ಬದಲಿಸಿದರೆ ಓಕೆ ಒತ್ತಿದ ಕೂಡಲೇ ಸಂಪರ್ಕ ಕಡಿದುಹೋಗುತ್ತದೆ.

ಹಳೇ ಐಪಿಯನ್ನು ಅವತ್ತೇ ತೆಗೆಯಬೇಡಿ. ಅದೇ ನೆಟ್‌ವರ್ಕ್ ಕಾರ್ಡಿಗೆ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಎರಡನೇ ವಿಳಾಸವಾಗಿ ಇಡಬಹುದು. ಹಳೇ ಸಾಲಿನಲ್ಲೇ ಉಳಿದ ಯಂತ್ರಗಳಿಗೆ ಸರ್ವರ್ ಸಿಗುತ್ತಿರುತ್ತದೆ. ಆಮೇಲೆ ಪ್ರತಿಯೊಂದು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಸರ್ವರ್ ಹೆಸರು ಹಾಕಿ ಪಿಂಗ್ (ಆ ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಕಮಾಂಡ್) ಕೊಡಿ, ಹೊಸ ಐಪಿಯಿಂದ ಉತ್ತರ ಬರಬೇಕು. ಪಿಂಗ್ ಬಂತು ಅಂತ ಸುಮ್ನೆ ಬಿಡಬೇಡಿ. ತೂಕದ ಕೋಣೆಯಿಂದ ಒಂದು ಚೀಟಿ, ಆಫೀಸಿನಿಂದ ಒಂದು ಬಿಲ್ ಪ್ರಿಂಟ್ ಹಾಕಿಸಿ ನೋಡಿ.

ಮುಂದಿನ ದಿನಗಳಲ್ಲಿ ಸರ್ವರ್‌ನಲ್ಲಿ ಆಗಾಗ, ಆ ಹೊತ್ತಿನ ಸಂಪರ್ಕಗಳನ್ನೆಲ್ಲ ಪಟ್ಟಿ ಮಾಡಿ ತೋರಿಸುವ ನೆಟ್‌ಸ್ಟ್ಯಾಟ್ ಕಮಾಂಡ್ ಓಡಿಸಿ. ಹಳೇ ಐಪಿಗೆ ಬಂದ ಸಂಪರ್ಕ ಕಂಡರೆ ಅದು ಯಾವ ಯಂತ್ರದಿಂದ ಬಂತು ಅನ್ನುವುದೂ ಅಲ್ಲೇ ಇರುತ್ತದೆ. ಜಿಎಸ್‌ಟಿ ರಿಟರ್ನ್, ಸಂಬಳದ ಲೆಕ್ಕ ತಿಂಗಳಿಗೊಮ್ಮೆ ಮಾತ್ರ ನಡೆಯುವ ಕೆಲಸ ಅಲ್ವಾ, ಅವು ಒಂದು ಸಲ ಮುಗಿಯುವವರೆಗೆ ಕಾಯಿರಿ. ಆಮೇಲೆ ಹಳೇ ಐಪಿ ತೆಗೆಯಿರಿ.