ನಿಮ್ಮ ಕಸುಬಿಗೊಂದು ಲಾಂಛನ: ಬರೆಯುವುದು ಹೇಗೆ?

ಗುರಾಣಿಯ ಮೇಲೆ ಮನೆತನದ ಗುರುತು ಬರೆಸುವ ರೂಢಿ ಯುರೋಪಿನಲ್ಲಿ 12ನೇ ಶತಮಾನದಲ್ಲಿ ಬೇರೂರಿತು. ಮೊದಲು ಅದು ಯುದ್ಧಕ್ಕೆ ಹೋಗುವವರ ಸೊತ್ತು. ಆಮೇಲೆ ಕವಿ, ವಿಜ್ಞಾನಿ, ಹಾಡುಗಾರ ಎಲ್ಲರೂ ಪಡೆದರು. ಲಂಡನ್‌ನಲ್ಲಿ ಇದಕ್ಕೆಂದೇ 1484ರಿಂದ ಕಾಲೇಜ್ ಆಫ್ ಆರ್ಮ್ಸ್ ಎಂಬ ಸಂಸ್ಥೆ ಇದೆ. ನಮ್ಮಲ್ಲಿ ಅಂಥದ್ದಿಲ್ಲ. ನಮ್ಮ ಲಾಂಛನ ನಾವೇ ಬರೆದುಕೊಳ್ಳಬಹುದು. ನಿಯಮಗಳನ್ನು ಮಾತ್ರ ಅವರಿಂದ ಎರವಲು ಪಡೆಯೋಣ.

ಮೊದಲ ಕೆಲಸ, ಒಂದು ವಸ್ತು ಆರಿಸುವುದು. ಒಂದೇ ಒಂದು! ನೀವು ಟೈಲರ್ ಅಂತಿಟ್ಟುಕೊಳ್ಳಿ. ಹೊಲಿಗೆ ಮೆಷಿನ್, ಕತ್ತರಿ, ಟೇಪು, ಗುಂಡಿ ಎಲ್ಲಾ ತುಂಬಿದರೆ ಅದು ಅಂಗಡಿ ಬೋರ್ಡ್ ಆಗುತ್ತದೆ. ಮೆಷಿನ್ ಚಿತ್ರ ಚಿಕ್ಕದು ಮಾಡಿದರೆ ಗುರುತೇ ಸಿಗುವುದಿಲ್ಲ. ಬಾಯಿ ತೆರೆದ ಕತ್ತರಿ ಎಷ್ಟು ದೂರಕ್ಕೂ ಕತ್ತರಿಯೇ. ಉಪಕರಣವೇ ಬೇಕೆಂದೂ ಇಲ್ಲ. ವಿಜ್ಞಾನಿ ರುದರ್‌ಫೋರ್ಡ್ 1931ರಲ್ಲಿ ಬ್ಯಾರನ್ ಎಂಬ ಬ್ರಿಟಿಷ್ ಪದವಿ ಪಡೆದರು. ಅವರ ಗುರಾಣಿಯಲ್ಲಿ ಪ್ರಯೋಗಾಲಯದ ಸಾಮಾನಿಲ್ಲ, ಒಂದನ್ನೊಂದು ದಾಟುವ ಎರಡು ಬಾಗು ಗೆರೆಗಳಿವೆ. ವಿಕಿರಣ ಕುಗ್ಗುವ, ಹೆಚ್ಚುವ ಗ್ರಾಫ್ ಅದು. ನನಗೆ ಗೊತ್ತಿರುವ ಕಸುಬಿನ ಲಾಂಛನಗಳಲ್ಲಿ ಇದೇ ಜಾಣತನದ್ದು.

ಹೆಸರಿನಲ್ಲೇ ಚಿತ್ರವಿದ್ದರೆ ಬಿಡಬೇಡಿ. ಷೇಕ್ಸ್‌ಪಿಯರ್ ಮನೆತನಕ್ಕೆ 1596ರಲ್ಲಿ ಸಿಕ್ಕಿದ್ದು ಚಿನ್ನದ ಗುರಾಣಿ, ಅಡ್ಡಡ್ಡಲಾಗಿ ಓರೆ ಕಪ್ಪು ಪಟ್ಟಿ, ಅದರ ಮೇಲೆ ಈಟಿ. ಹೆಸರಿನ ಕೊನೆಯ ಭಾಗಕ್ಕೆ ಈಟಿ ಎಂದೇ ಅರ್ಥ. ಟೈಲರ್ ಆ ಈಟಿಯ ಜಾಗದಲ್ಲಿ ಸೂಜಿ ಮಲಗಿಸಬಹುದು, ಅಲ್ವಾ?

ಬಣ್ಣದ ವಿಷಯದಲ್ಲಿ ರಾಜಿ ಬೇಡ. ಚಿನ್ನ (ಹಳದಿ), ಬೆಳ್ಳಿ (ಬಿಳಿ) ಒಂದು ಗುಂಪು. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಇನ್ನೊಂದು. ಒಂದೇ ಗುಂಪಿನ ಬಣ್ಣವನ್ನು ಅದೇ ಗುಂಪಿನ ಬಣ್ಣದ ಮೇಲೆ ಇಡಬಾರದು. ನಮ್ಮ ವಾಹನಗಳ ನಂಬರ್ ಪ್ಲೇಟ್ ನೋಡಿ: ಸ್ವಂತ ಕಾರಿಗೆ ಬಿಳಿ ಮೇಲೆ ಕಪ್ಪು, ಟ್ಯಾಕ್ಸಿಗೆ ಹಳದಿ ಮೇಲೆ ಕಪ್ಪು, ಎಲೆಕ್ಟ್ರಿಕ್ ಕಾರಿಗೆ ಹಸಿರು ಮೇಲೆ ಬಿಳಿ. ಎಲ್ಲವೂ ಈ ನಿಯಮಕ್ಕೆ ಸರಿಯಾಗೇ ಇವೆ. ದೂರದಿಂದ ಕಾಣಬೇಕು, ಅಷ್ಟೇ.

ಪ್ರಾಣಿ, ಪಕ್ಷಿ ಹಾಕುವುದಾದರೆ ಮುಖ ನೋಡುವವರ ಎಡಕ್ಕಿರಲಿ. ಗುರಾಣಿ ಹಿಡಿದವನಿಗೆ ಅದು ಬಲ. ಗಂಡಭೇರುಂಡ ಮತ್ತು ಅಶೋಕನ ಸಿಂಹಗಳ ತಂಟೆಗೆ ಹೋಗಬೇಡಿ. ಸರ್ಕಾರಿ ಲಾಂಛನಗಳನ್ನು ವ್ಯಾಪಾರಕ್ಕೆ ಬಳಸುವುದನ್ನು 1950ರ ಕಾಯ್ದೆ ತಡೆಯುತ್ತದೆ.

ಗುರಾಣಿಯ ಕೆಳಗೆ ಬರೆಯುವ ಪಟ್ಟಿಯಲ್ಲಿ ಎರಡು ಮೂರು ಪದದ ಧ್ಯೇಯವಾಕ್ಯ ಸಾಕು. ‘ಅಳೆದು ಕತ್ತರಿಸು’ ಅಂದರೆ ಟೈಲರ್‌ಗೆ ಚೆನ್ನಾಗಿ ಒಪ್ಪುತ್ತದೆ. ತಮಾಷೆಗೂ ಅಡ್ಡಿಯಿಲ್ಲ. ಗಾಯಕ ಎಲ್ಟನ್ ಜಾನ್ ಗುರಾಣಿಯಲ್ಲಿ ಪಿಯಾನೊ ಮನೆಗಳೂ ಗ್ರಾಮಫೋನ್ ತಟ್ಟೆಗಳೂ ಇವೆ. ಧ್ಯೇಯವಾಕ್ಯ ಸ್ಪ್ಯಾನಿಷ್‌ನಲ್ಲಿ ‘ಎಲ್ ಟೋನೊ ಎಸ್ ಬ್ವೆನೊ’, ಅಂದರೆ ‘ಸ್ವರ ಚೆನ್ನಾಗಿದೆ’ ಅನ್ನುತ್ತದೆ, ಕಿವಿಗೆ ಅವರ ಹೆಸರೂ ಕೇಳಿಸುತ್ತದೆ.

ಈಗ ಪರೀಕ್ಷೆ. ಲಾಂಛನವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ: ‘ಕೆಂಪು ಗುರಾಣಿ, ನಡುವೆ ಬಾಯಿ ತೆರೆದ ಬೆಳ್ಳಿ ಕತ್ತರಿ.’ ಚಿತ್ರ ತೋರಿಸದೆ ಮನೆಯ ಮಕ್ಕಳಿಗೆ ಬರೆಯಲು ಹೇಳಿ. ನಿಮ್ಮದನ್ನೇ ಹೋಲುವ ಚಿತ್ರ ಬಂದರೆ ಪಾಸ್. ಬರದಿದ್ದರೆ ಏನನ್ನಾದರೂ ಕಿತ್ತುಹಾಕಿ.

ಬಿಲ್ ಬುಕ್ಕಿಗೆ, ರಬ್ಬರ್ ಸ್ಟಾಂಪಿಗೆ ಬಣ್ಣ ಸಿಗುವುದಿಲ್ಲವಲ್ಲ ಎಂಬ ಚಿಂತೆ ಬೇಡ. ಅದಕ್ಕೆ 17ನೇ ಶತಮಾನದಲ್ಲೇ ಉಪಾಯ ಹುಡುಕಿದ್ದಾರೆ. ಕೆಂಪು ಇರುವಲ್ಲಿ ಮೇಲಿಂದ ಕೆಳಕ್ಕೆ ನೇರ ಗೆರೆ, ನೀಲಿಗೆ ಅಡ್ಡ ಗೆರೆ, ಚಿನ್ನಕ್ಕೆ ಚುಕ್ಕಿ. ಬೆಳ್ಳಿಯ ಜಾಗ ಖಾಲಿ ಬಿಡಿ.