ದಣಪೆ ದಾಟೋ ಮುಂಚೆ ಕೂ ಹಾಕಿ: ಕರಡಿ ಇರೋ ಬೆಟ್ಟಕ್ಕೆ ಹೋಗೋದು ಹೇಗೆ

ಮೊನ್ನೆ ಪಕ್ಕದ ಮನೆ ಹುಡುಗ ಬೆಳಕು ಹರಿಯೋ ಮುಂಚೆನೇ ದರಗು (ಉದುರಿದ ಒಣ ಎಲೆ) ಗುಡಿಸೋಕೆ ಸೊಪ್ಪಿನಬೆಟ್ಟಕ್ಕೆ, ಅಂದ್ರೆ ತೋಟಕ್ಕೆ ಸೊಪ್ಪು ತರೋ ಕಾಡಿಗೆ, ಹೊರಟಿದ್ದ, ಒಬ್ಬನೇ, ಕಿವಿಗೆ ಇಯರ್‌ಫೋನ್ ಬೇರೆ. ಕರೆದು ಕೂರಿಸಿ ಹೇಳಿದ್ದನ್ನೇ ಬರೀತಿದೀನಿ. ಶೆಟ್ಟಿಹಳ್ಳಿ, ಭದ್ರಾ ಕಾಡಿನ ಅಂಚಲ್ಲಿರೋ ನಾವು ಇದನ್ನ ಮಕ್ಕಳಿಗೆ ಹೇಳಿಕೊಡೋದೇ ಬಿಟ್ಟಿದೀವಿ.

ಮೊದಲು ಮನೆ ಸುತ್ತ. ಬಿದ್ದ ಹಲಸಿನ ಹಣ್ಣು ಸಂಜೆಯೊಳಗೆ ಎತ್ತಿ, ಮುಸುರೆ ಹೊರಗಿಡಬೇಡಿ, ಜೇನು ಪೆಟ್ಟಿಗೆ ಕಾಡಂಚಲ್ಲಿ ಬೇಡ. ಅಷ್ಟೇ.

ಇನ್ನು ಬೆಟ್ಟಕ್ಕೆ ಹೋಗೋದು. ಎಲ್ಲರೂ ಎಡವೋದು ಇಲ್ಲೇ. ಕರಡಿ ಮೂಗು ಬಲು ಚುರುಕು, ಕಣ್ಣು ಕಿವಿ ಅಷ್ಟಕ್ಕಷ್ಟೆ. ಅದರ ಮೇಲ್ದವಡೆಯಲ್ಲಿ ಮುಂದಿನ ಎರಡು ಹಲ್ಲೇ ಇರಲ್ಲ, ಆ ಸಂದಿಯಿಂದ ಗೆದ್ದಲನ್ನ ಸೊರ್ ಅಂತ ಎಳ್ಕೊಳ್ಳತ್ತೆ, ಆ ಸದ್ದಲ್ಲಿ ನಮ್ಮ ಹೆಜ್ಜೆ ಅದಕ್ಕೆ ಕೇಳಲ್ಲ. ನಾಲ್ಕು ಮಾರು ದೂರದಲ್ಲಿ ತಲೆ ಎತ್ತಿದಾಗ ಗಾಬರಿ ಬಿದ್ದು ಮೈಮೇಲೆ ಬರತ್ತೆ. ನಮ್ಮನ್ನ ತಿನ್ನೋಕಲ್ಲ. ಹಾಗಾಗಿ ನಾವು ಬರ್ತಿರೋದು ಅದಕ್ಕೆ ಮೊದಲೇ ಗೊತ್ತಾಗಬೇಕು.

ದಣಪೆ, ಅಂದ್ರೆ ಬೇಲಿ ದಾಟೋ ಗಂಡಿ, ಅದರ ಹತ್ರ ನಿಂತು ಜೋರಾಗಿ ಎರಡು ಸಲ ಕೂ ಹಾಕಿ, ಎರಡು ನಿಮಿಷ ಕಾಯಿರಿ, ಆಮೇಲೆ ಒಳಗೆ ಹೋಗಿ. ಪ್ರತಿ ತಿರುವಲ್ಲೂ, ಲಂಟಾನ ಮಟ್ಟಿ ಸಿಕ್ಕಲ್ಲೆಲ್ಲ ಮತ್ತೆ ಕೂ ಹಾಕಿ. ಹಳ್ಳದ ಹತ್ರ ನೀರಿನ ಸದ್ದು ಕೂಗನ್ನ ನುಂಗಿಬಿಡತ್ತೆ, ಅಲ್ಲಿ ದೊಣ್ಣೆಯಿಂದ ಮರಕ್ಕೆ ಬಡೀತಾ ಹೋಗಿ. ಗಾಳಿ ನಿಮ್ಮ ಮುಖಕ್ಕೆ ಬೀಸ್ತಿದ್ರೆ ನಿಮ್ಮ ವಾಸನೆ ಹಿಂದಕ್ಕೆ ಹೋಗತ್ತೆ, ಮುಂದಿರೋ ಕರಡಿಗೆ ಸಿಗಲ್ಲ, ಆಗ ಇನ್ನೂ ಜಾಸ್ತಿ ಸದ್ದು ಬೇಕು. ಇಬ್ಬರು ಮಾತಾಡ್ಕೊಂಡು ಹೋಗೋದು ಎಲ್ಲಕ್ಕಿಂತ ಒಳ್ಳೇದು.

ನೆಲ ನೋಡ್ಕೊಂಡು ನಡೀರಿ. ಹುತ್ತದ ಬುಡದಲ್ಲಿ ತೋಳು ಹೋಗೋವಷ್ಟು ತೂತು, ಅಂಚಲ್ಲಿ ಉಗುರಿನ ಗೀರು, ಹೊರಗೆ ಬಿದ್ದಿರೋ ಮಣ್ಣು ಇನ್ನೂ ಹಸಿ, ಒಡೆದ ಗೂಡಲ್ಲಿ ಗೆದ್ದಲು ಓಡಾಡ್ತಿವೆ ಅಂದ್ರೆ ಕರಡಿ ಈಗಷ್ಟೇ ಹೋಗಿದೆ, ಆವತ್ತಿನ ಕೆಲಸ ಬಿಟ್ಟು ವಾಪಸ್ ಬನ್ನಿ. ಮಳೆ ಶುರುವಾದಾಗ ಅಣಬೆಗೆ ಹೋಗೋರು ಇದನ್ನ ಮರೀಬೇಡಿ, ನೀವು ಹುಡುಕೋದೂ ಅದೇ ಹುತ್ತ.

ನಾಯಿ ಕರ್ಕೊಂಡು ಹೋಗ್ಲೇಬೇಡಿ. ಅದು ಕರಡೀನ ಕೆಣಕಿ ಓಡಿ ಬರೋದು ನಿಮ್ಮ ಕಾಲಿನ ಹತ್ರಕ್ಕೇ. ಆನ್‌ಲೈನಲ್ಲಿ ಮಾರೋ ಪ್ರಾಣಿ ಓಡಿಸೋ ಸೌಂಡ್ ಮೆಷಿನ್ ನಾನೂ ತರಿಸಿದ್ದೆ, ಹಂದೀನೂ ಕದಲಲಿಲ್ಲ, ದುಡ್ಡು ದಂಡ. ಉರುಳು, ಬೇಲಿಗೆ ಲೈನಿಂದ ನೇರ ಕರೆಂಟ್ ಕೊಡೋದು ಇವೆಲ್ಲ ಅಪರಾಧ, 1972ರ ವನ್ಯಜೀವಿ ಕಾಯ್ದೆಯಲ್ಲಿ ಕರಡಿ ಮೊದಲನೇ ಶೆಡ್ಯೂಲಲ್ಲಿದೆ. ಅದಕ್ಕಿಂತ ಮುಖ್ಯ, ಆ ತಂತಿಗೆ ನಿಮ್ಮನೆ ದನ, ನಿಮ್ಮನೆ ಮನುಷ್ಯರೇ ಸಿಕ್ಕಿಬೀಳ್ತಾರೆ.

ಎದುರಿಗೆ ಕಂಡ್ರೆ ಓಡಬೇಡಿ, ಮರ ಹತ್ತಬೇಡಿ, ಅದೂ ಹತ್ತತ್ತೆ. ಅದರ ಕಡೆಗೇ ಮುಖ ಇಟ್ಟು ನಿಧಾನಕ್ಕೆ ಹಿಂದೆ ಸರೀರಿ, ಅದಕ್ಕೆ ಹೋಗೋ ದಾರಿ ಬಿಡಿ. ಮರಿ ಒಂದೇ ಕಂಡ್ರೂ ತಾಯಿ ಹತ್ರದಲ್ಲೇ ಇದೆ ಅಂತಲೇ ತಿಳ್ಕೊಳ್ಳಿ. ಮೈಮೇಲೆ ಬಂದೇಬಿಟ್ರೆ ಬೋರಲು ಬಿದ್ದು ಮುಖ ನೆಲಕ್ಕೆ ಒತ್ತಿ, ಕತ್ತಿನ ಹಿಂದೆ ಎರಡೂ ಕೈ ಹೆಣೆದು ಹಿಡೀರಿ, ಅದು ದೂರ ಹೋಗೋ ತನಕ ಏಳಬೇಡಿ. ಕರಡಿ ದಾಳಿಯಲ್ಲಿ ಗಾಯ ಆಗೋದು ಹೆಚ್ಚಾಗಿ ತಲೆಗೆ, ಮುಖಕ್ಕೆ.

ತೋಟಕ್ಕೆ ಬಂದಿದ್ರೆ ಊರವರೆಲ್ಲ ಮೊಬೈಲ್ ಹಿಡ್ಕೊಂಡು ಸುತ್ತುವರಿಯೋದು, ಪಟಾಕಿ ಹೊಡೆಯೋದು ಬೇಡವೇ ಬೇಡ. ದಾರಿ ಕಾಣದೆ ಜನರ ಮೇಲೇ ನುಗ್ಗತ್ತೆ. ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಗಾಯ ಆದ್ರೆ ರಕ್ತ ಜೋರಾಗಿ ಹರೀತಿದ್ರೆ ಮೊದಲು ಬಟ್ಟೆ ಒತ್ತಿ ಹಿಡಿದು 108 ಕರೀರಿ. ಇಲ್ದಿದ್ರೆ ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೀರಿ. ಅರಿಶಿನ, ಸೊಪ್ಪು ಮೆತ್ತಬೇಡಿ. ಆಸ್ಪತ್ರೇಲಿ ರೇಬೀಸ್ ಲಸಿಕೆ ಕೇಳಿ ಹಾಕಿಸ್ಕೊಳ್ಳಿ. ಡಾಕ್ಟರ ಚೀಟಿ, ಗಾಯದ ಫೋಟೊ ಜೋಪಾನ, ಅರಣ್ಯ ಇಲಾಖೆ ಪರಿಹಾರಕ್ಕೆ ಅರ್ಜಿ ಹಾಕುವಾಗ ಬೇಕಾಗತ್ತೆ.