ಮೊದಲು ತಾರೀಖು ನೋಡಿ

1999ರ ಜೂನ್‌ನಲ್ಲಿ ಬೆಳಗಾವಿ ಕಡೆಯ ನಮ್ಮ ಊರಿನ ಏಳೋ ಎಂಟೋ ಹುಡುಗರು ಕಾರ್ಗಿಲ್ ಯುದ್ಧದ ಭಾಗದಲ್ಲಿದ್ದರು. ನಾನು ಹವಾಲ್ದಾರನಾಗಿ ನಿವೃತ್ತನಾದವನು. ಯಾವ ಮನೆಯಲ್ಲಿ ಅಳು ಎದ್ದರೂ ಕರೆ ನನಗೇ.

ಮೊದಲ ಮನೆಯಲ್ಲಿ ಎಲ್ಲರಂತೆ ನಾನೂ "ಏನೂ ಆಗಿಲ್ಲ, ಆರಾಮವಾಗಿದ್ದಾನೆ" ಎಂದು ಹೇಳಿ ಬಂದೆ. ಎಂಟು ದಿನಕ್ಕೆ ತಂತಿ ಬಂತು: ತೊಡೆಗೆ ಗುಂಡು, ಶ್ರೀನಗರದ ಆಸ್ಪತ್ರೆ. ಹುಡುಗ ಉಳಿದ. ಅವನ ಅಪ್ಪ ಮಾತ್ರ "ನಿನ್ನ ಮಾತು ನಂಬಿ ಹೋಳಿಗೆ ಮಾಡಿಸಿದ್ದೆನಲ್ಲೋ" ಎಂದರು. ಆಮೇಲೆ ಆ ಮನೆಯಲ್ಲಿ ನನ್ನ ಮಾತು ನಡೆಯಲಿಲ್ಲ.

ಎಸ್‌ಟಿಡಿ ಬೂತಿನಲ್ಲಿ ರಾತ್ರಿ ದರ ಇಳಿಯುವವರೆಗೆ ಕಾದು ಎಲ್ಲೆಲ್ಲಿಗೋ ಫೋನು ಮಾಡಿದೆ. ಸುಮಾರು ಏಳುನೂರು ರೂಪಾಯಿ ಹೋಯಿತು. ಸಿಕ್ಕಿದ್ದು "ನಾಳೆ ಮಾಡಿ" ಎಂಬ ಉತ್ತರ. ಹೆಂಡತಿ ಇಂದಿಗೂ ಆ ಲೆಕ್ಕ ತೆಗೆಯುತ್ತಾಳೆ. ಯುದ್ಧದ ಸುದ್ದಿ ಕಾಣದಿರಲೆಂದು ಒಬ್ಬರ ಮನೆಯ ಟಿವಿ ಕೇಬಲ್ಲನ್ನೂ ಕೀಳಿಸಿ ನೋಡಿದೆ. ಆ ತಾಯಿ ಪಕ್ಕದ ಮನೆಗೆ ಹೋಗಿ ಕುಳಿತರು.

ಕೊನೆಗೆ ಹಿಡಿದ ದಾರಿ ತಾರೀಖಿನದು. 56 ಎಪಿಒ ಎಂಬ ಸೇನಾ ಅಂಚೆ ವಿಳಾಸದಿಂದ ಬರುವ ಪತ್ರದಲ್ಲಿ ಸೈನಿಕ ಇರುವ ಜಾಗ ಇರುವುದಿಲ್ಲ. ಬರೆದ ದಿನ ಇರುತ್ತದೆ. ತೋಲೋಲಿಂಗ್ ಶಿಖರ ನಮ್ಮ ಸೇನೆಯ ಕೈಸೇರಿದ್ದು ಜೂನ್ 13ರಂದು. ಪತ್ರ 17ರದ್ದಾದರೆ ಆ ಕಾಳಗ ದಾಟಿ ಬಂದಿದ್ದಾನೆ ಎಂದೇ ಅರ್ಥ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ "17ರವರೆಗೆ ಗೊತ್ತು, ಇಂದಿನದು ನನಗೂ ಗೊತ್ತಿಲ್ಲ" ಎನ್ನುತ್ತಿದ್ದೆ. ಊರ ಹಿರಿಯರು "ಹೀಗೆ ಹೇಳಿದರೆ ಮುದುಕಿಯರು ಎದೆ ಒಡೆದುಕೊಳ್ಳುತ್ತಾರೆ" ಎಂದು ಬೈದರು. ಯಾರೂ ಒಡೆದುಕೊಳ್ಳಲಿಲ್ಲ. ಐದಾರು ಮನೆಗಳಲ್ಲಿ ನನ್ನ ಒಂದು ತಾರೀಖೂ ಸುಳ್ಳಾಗಲಿಲ್ಲ. ಬಾಗಿಲಲ್ಲಿ ಮೊದಲ ಮಾತು ಏನಾಡುತ್ತಿದ್ದೆ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಗುಟ್ಟು.

ಟೈಗರ್ ಹಿಲ್ ಶಿಖರ ಗೆದ್ದ ಸುದ್ದಿ ಬಂದ ಮೇಲೆ, ಜುಲೈ ಮಧ್ಯದಲ್ಲಿ, ಒಂದು ಪತ್ರ ಕೈಕೊಟ್ಟಿತು. ತಾರೀಖು ಸರಿ, ಅಕ್ಷರ ಬೇರೆ. ಯಾರೋ ಜೊತೆಗಾರ ಮರಾಠಿಯಲ್ಲಿ ಬರೆದಿದ್ದ. ತಾಯಿಗೆ ಓದು ಬಾರದು. ಆದರೆ "ಇದು ನನ್ನ ಮಗನ ಕೈಯಲ್ಲ" ಎಂದು ಕಾಗದವನ್ನು ನೆಲಕ್ಕಿಟ್ಟರು. ಬೆರಳುಗಳಿಗೆ ಗಾಯ, ಅಷ್ಟೇ ಎಂದು ಪತ್ರದಲ್ಲೇ ಇತ್ತು. ಆಕೆ ನಂಬಲಿಲ್ಲ. ಎಡಗೈಯಲ್ಲಾದರೂ ಒಂದು ಸಾಲು ಬರೆ ಎಂದು ಅಂದೇ ಅವನಿಗೆ ಬರೆದೆ.

ಮೂರು ವಾರವಾಗಿರಬೇಕು, ಉತ್ತರ ಬಂತು. ಕೋಳಿ ಕೆದರಿದಂಥ ಅಕ್ಷರ: "ಅವ್ವಾ, ಎಮ್ಮೆ ಈಯಿತೇ?"

ಓದಿ ಹೇಳಿದೆ. ಆಕೆ ಕಣ್ಣೊರೆಸಿಕೊಂಡು ಕೇಳಿದರು: "ತಾರೀಖು ಎಷ್ಟು ಹಾಕಿದ್ದಾನೆ?"